ಪೂಜೆಗಿಟ್ಟ ಸ್ಪ್ಯಾನರ್

ಸಿದ್ದಾಪುರದಲ್ಲಿ ವಿರಾಜಪೇಟೆ ಬಸ್ಸಿಗೆ ಕಾಯುತ್ತಿದ್ದ ಕಾಫಿ ಎಸ್ಟೇಟಿನ ಕೂಲಿಯಾಳು ಬೀರನ ಪಕ್ಕದಲ್ಲೇ ಆ ಎಸ್ಟೇಟಿನ ದೊರೆಯ ಡ್ರೈವರ್ ಬೋಜಪ್ಪ ಮತ್ತು ಅವನ ಹೆಂಡತಿ ಹೊನ್ನಮ್ಮ ನಿಂತಿದ್ದರು. ಕೊಡಗಿನ ಆಯುಧಪೂಜೆಯ ಹಬ್ಬವಾದ ಕೈಲುಮುಹೂರ್ತದ ಊಟಕ್ಕೆ ಅವಳ ತವರಿಗೆ ಹೊರಟಿದ್ದರು.

"ಏನು, ತಿರುಗಿ ತಿರುಗಿ ನೋಡ್ತೀರಿ?"

"ಕಾರಿನ ಬ್ಯಾಟರಿ ತಂತಿ ಬಿಚ್ಚಿಲ್ಲ ಮಾರಾಯ್ತಿ."

"ಬಿಚ್ಚಲಿಕ್ಕೆ ಏನಾಗಿತ್ತು?"

"ಸ್ಪ್ಯಾನರನ್ನ ನೀನು ಕತ್ತಿ, ಕೋವಿ ಜೊತೆ ಪೂಜೆಗಿಟ್ಟೆಯಲ್ಲ!"

"ಅದೂ ಆಯುಧವೇ. ಹಬ್ಬ ಕಳೆಯುವವರೆಗೆ ಮುಟ್ಟಬಾರದು."

"ಆ ಕಾರಲ್ಲಿ ಎಲ್ಲೋ ಕರೆಂಟು ಸೋರ್ತದೆ. ಹಾಗೇ ನಿಲ್ಲಿಸಿದರೆ ಬೆಳಗಾಗುವಷ್ಟರಲ್ಲಿ ಬ್ಯಾಟರಿ ಸತ್ತಿರ್ತದೆ."

"ಕಾರಿನ ಮುಂದೆ ಹಾಕುವ ಹ್ಯಾಂಡಲ್ ಉಂಟಲ್ಲ, ತಿರುಗಿಸಿ ಎಬ್ಬಿಸಿದರಾಯ್ತು."

"ಬ್ಯಾಟರಿಯೇ ಸತ್ತರೆ ಇಂಜಿನ್ನಿಗೆ ಕಿಡಿ ಎಲ್ಲಿಂದ ಬರ್ತದೆ? ನಿನ್ನಪ್ಪ ಬಂದು ಊದ್ತಾನಾ?"

"ನನ್ನಪ್ಪನ ಸುದ್ದಿ ಬೇಡ. ದೊರೆಸಾನಿಗೆ ದಿನ ತುಂಬಿದೆಯಲ್ಲ?"

"ಅದೇ ಹೆದರಿಕೆ. ನೋವು ಬಂದರೆ ತಾನೇ ಓಡಿಸ್ತೇನೆ ಅಂತ ದೊರೆ ರಜೆ ಕೊಟ್ಟದ್ದು."

"ಕಾರು ಏಳದಿದ್ದರೆ ಮಡಿಕೇರಿ ಆಸ್ಪತ್ರೆಗೆ ಹೊತ್ತುಕೊಂಡು ಹೋಗ್ತಾರಾ?"

ಕೂಲಿ ಲೈನಿನ ಹೆಂಗಸರನ್ನು ಹೊತ್ತೇ ಒಯ್ಯುವುದು ಎಂಬ ಮಾತು ಬೀರನ ನಾಲಿಗೆಯ ತುದಿಗೆ ಬಂತು. ಬಸ್ಸು ಬರುವ ದಾರಿಯತ್ತ ಮುಖ ತಿರುಗಿಸಿದ.

"ತಾಯಿಗೋ ಮಗುವಿಗೋ ಏನಾದರೂ ಆದರೆ ನನ್ನನ್ನ ಜೀವಸಹಿತ ಬಿಡ್ತಾರಾ, ಹೊನ್ನಮ್ಮ?"

ದೂರದಲ್ಲಿ ಬಸ್ಸಿನ ಹಾರ್ನ್ ಕೇಳಿತು. ಹೊನ್ನಮ್ಮ ಗಂಟನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು.

"ನಡೆಯಿರಿ ವಾಪಸ್. ಸ್ಪ್ಯಾನರ್ ನಾನೇ ಎತ್ತಿ ಕೊಡ್ತೇನೆ."

"ಹಬ್ಬದ ದಿನವಾ? ದೇವರು ಸುಮ್ಮನಿರ್ತಾನಾ?"

"ದೇವರಿಗಾದರೆ ತಪ್ಪುಕಾಣಿಕೆ ಕಟ್ಟಬಹುದು. ದೊರೆಗೆ ಏನು ಕಟ್ತೀರಿ?"

ಬಸ್ಸು ಬಂದು ನಿಲ್ಲುವ ಮೊದಲೇ ಇಬ್ಬರೂ ಎಸ್ಟೇಟಿನ ದಾರಿ ಹಿಡಿದು ಓಡುನಡಿಗೆಯಲ್ಲಿ ಹೊರಟಿದ್ದರು.