ಏಳನೇ ಕಲಮು ಮತ್ತು ಕೆಳಗೇರಿಯ ಕೈಪಂಪು

ಕಂಪ್ಲಿ ಪೊಲೀಸ್ ಠಾಣೆ. ತಾರೀಖು ೨೦-೪-೧೯೩೮, ಬುಧವಾರ. ಹೇಳಿಕೆ ಬರೆದುಕೊಳ್ಳಲು ಆರಂಭಿಸಿದ್ದು ಮಧ್ಯಾಹ್ನ ಮೂರು ಗಂಟೆಗೆ.

ನನ್ನ ಹೆಸರು ಕಮಲಾಕರರಾವ್, ತಂದೆ ಪ್ರಭಂಜನಾಚಾರ್ಯ, ವಯಸ್ಸು ಮೂವತ್ತೊಂದು, ಉದ್ಯೋಗ ಪಂಚಾಯ್ತಿ ಬೋರ್ಡಿನ ಗುಮಾಸ್ತ, ವಾಸ ಹುಣಸೆಕಟ್ಟೆ ಗ್ರಾಮ, ಕಂಪ್ಲಿ ಫಿರ್ಕಾ, ಹೊಸಪೇಟೆ ತಾಲೂಕು, ಬಳ್ಳಾರಿ ಜಿಲ್ಲೆ. ನಡೆದ ಸಂಗತಿ ಏನೆಂದು ಹೆಡ್ ಕಾನ್‌ಸ್ಟೇಬಲರು ಕೇಳಿದ್ದಕ್ಕೆ ನಾನು ಒಂದೊಂದಾಗಿ ಬರೆಯಿಸುವುದು ಹೀಗೆ:

ನಮ್ಮೂರ ಕೆಳಗೇರಿಯಲ್ಲಿ ಒಂದೇ ಸಿಹಿನೀರಿನ ಬಾವಿ ಇದೆ. ಹೋದ ಮಳೆಗಾಲದಲ್ಲಿ ಅದರ ಕಟ್ಟೆ ಕುಸಿದು ಒಂದು ಎಮ್ಮೆ ಬಿದ್ದಿತು. ಎಮ್ಮೆಯನ್ನು ಮೇಲೆತ್ತಿದ ನಂತರ ಬಾವಿಯ ಬಾಯಿಗೆ ಕಲ್ಲುಚಪ್ಪಡಿ ಹಾಕಿ ಮುಚ್ಚಲಾಯಿತು. ಅಂದಿನಿಂದ ಕೆಳಗೇರಿಯ ಹೆಂಗಸರು ನೀರಿಗೆ ಹೊಳೆಗೆ ಹೋಗುತ್ತಿದ್ದರು. ಬಾವಿಯಿಂದ ಹೊಳೆಗೆ ಐದು ಫರ್ಲಾಂಗು. ಇದನ್ನು ನಾನು ಮೊದಲು ನಕ್ಷೆಯಲ್ಲಿ ಅಳೆದಿದ್ದೆ. ಈ ದಿನ ಬೇರೆ ರೀತಿಯಲ್ಲಿಯೂ ಅಳೆದಿದ್ದೇನೆ.

ಚಪ್ಪಡಿಗೆ ತೂತು ಕೊರೆದು ಕೈಪಂಪು ಕೂರಿಸಲು ಈ ವರ್ಷ ಫೆಬ್ರವರಿಯಲ್ಲಿ ನಮ್ಮ ಬೋರ್ಡಿಗೆ ಸರ್ಕಾರದ ಗ್ರಾಂಟು ಮಂಜೂರಾಯಿತು. ಮಂಜೂರಾತಿ ಕಾಗದಕ್ಕೆ ಒಂಬತ್ತು ಕಲಮುಗಳಿದ್ದವು. ಏಳನೇ ಕಲಮಿನ ಪ್ರಕಾರ ಈ ಹಣದಿಂದ ಕೊಳ್ಳುವ ಸಾಮಾನು ನಮ್ಮ ದೇಶದಲ್ಲಿಯೇ ತಯಾರಾಗಿರಬೇಕು, ಹಾಗೆ ಇರುವುದನ್ನು ಗುಮಾಸ್ತನು ಕಣ್ಣಾರೆ ನೋಡಿ ದಾಖಲೆಗೆ ರುಜು ಹಾಕಬೇಕು, ತಪ್ಪಿದರೆ ಗ್ರಾಂಟು ವಾಪಸು.

ಬೋರ್ಡಿನ ಅಧ್ಯಕ್ಷರಾದ ತೋಟಪ್ಪನವರು, ವಯಸ್ಸು ಐವತ್ತೆಂಟು, ಅಕ್ಕಿ ಗಿರಣಿಯ ಯಜಮಾನರು, ತಾವೇ ಹೊಸಪೇಟೆಗೆ ಹೋಗಿ ಒಬ್ಬ ಕಬ್ಬಿಣದ ವ್ಯಾಪಾರಿಯಿಂದ ಪಂಪು ತಂದರು. ಪಂಪು ಕಲ್ಕತ್ತೆಯದೆಂದು ವ್ಯಾಪಾರಿ ಹೇಳಿದ್ದಾಗಿ ಅವರು ಹೇಳಿದರು. ಅದಕ್ಕೆ ದಪ್ಪಗೆ ಹಸಿರು ಬಣ್ಣ ಬಳಿದಿತ್ತು. ೩-೩-೧೯೩೮ನೇ ಗುರುವಾರ ಅದನ್ನು ಕೂರಿಸಲಾಯಿತು, ನೀರು ಬಂತು. ಮರುದಿನ ನಾನು ರುಜು ಹಾಕಿದೆ. ಕಣ್ಣಾರೆ ನೋಡಿದ್ದು ಬಣ್ಣವನ್ನು ಮಾತ್ರ. ಇದು ನನ್ನ ತಪ್ಪು.

ಹನ್ನೊಂದು ದಿನ ನೀರು ಚೆನ್ನಾಗಿ ಬಂತು. ೧೪-೩-೧೯೩೮ನೇ ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ನಾನು ಆ ದಾರಿಯಲ್ಲಿ ಆಫೀಸಿಗೆ ಹೋಗುತ್ತಿದ್ದಾಗ ಹುಲುಗಮ್ಮ ಎಂಬವಳ ಹಿತ್ತಾಳೆ ಕೊಡ ತಗುಲಿ ಪಂಪಿನ ಬಣ್ಣ ಎರಡಂಗುಲದಷ್ಟು ಕಿತ್ತುಬಂತು. ಕೆಳಗೆ ಇಂಗ್ಲಿಷಿನ 'ಬಿ' ಅಕ್ಷರ ಎರಕದಲ್ಲಿ ಎದ್ದು ಕಾಣುತ್ತಿತ್ತು. ಕಲ್ಕತ್ತೆಗೆ 'ಬಿ' ಇಲ್ಲವಾದ್ದರಿಂದ ನನಗೆ ಕಸಿವಿಸಿಯಾಯಿತು. ಪೆನ್ಸಿಲು ಹೆರೆಯುವ ಚಾಕುವಿನಿಂದ ಕೆರೆದೆ. ಇಪ್ಪತ್ತು ನಿಮಿಷ ಕೆರೆದ ಮೇಲೆ ಬರ್ಮಿಂಗ್‌ಹ್ಯಾಮ್ ಎಂದು ಪೂರ್ತಿ ಓದಲು ಬಂತು. ಅಷ್ಟು ಹೊತ್ತಿಗೆ ಸಾಲಿನಲ್ಲಿ ಹದಿನಾಲ್ಕು ಕೊಡಗಳಿದ್ದವು. ಅಕ್ಷರ ಕುಡಿಯಲಿಕ್ಕೆ ಬರತೈತೇನು ಎಂದು ಯಾರೋ ಕೇಳಿದರು. ಯಾರೆಂದು ನಾನು ತಿರುಗಿ ನೋಡಲಿಲ್ಲ.

ಅದೇ ದಿನ ಹತ್ತೂವರೆಗೆ ಗಿರಣಿಗೆ ಹೋಗಿ ತೋಟಪ್ಪನವರಿಗೆ ವಿಷಯ ತಿಳಿಸಿದೆ. ಅವರು ಗಾಬರಿಯಾಗಲಿಲ್ಲ. "ಮತ್ತೊಂದು ಸಾರಿ ಬಣ್ಣ ಬಳಿಸ್ರಿ ರಾಯರ. ನಿಮ್ಮಂಗ ಚಾಕು ಹಿಡಕೊಂಡು ಕೆರಿಯವ್ರು ಈ ಫಿರ್ಕಾದಾಗ ಇನ್ನೊಬ್ಬರಿಲ್ಲ" ಎಂದರು. ಹಿಡಿಕೆಯ ಕಟ್ಟಿಗೆ ನಮ್ಮ ಜಾಲಿಯದು, ನೀರು ನಮ್ಮ ನೆಲದ್ದು, ಹೊಡೆಯುವ ರಟ್ಟೆ ನಮ್ಮ ಹೆಂಗಸರದು, ಆದ್ದರಿಂದ ಲೆಕ್ಕ ಹಾಕಿದರೆ ಮುಕ್ಕಾಲು ಪಾಲು ಸ್ವದೇಶಿ ಆಗುತ್ತದೆ ಎಂದೂ ಹೇಳಿದರು. ಕಲಮಿನಲ್ಲಿ ಪಾಲಿನ ಮಾತು ಇಲ್ಲವೆಂದು ನಾನು ಹೇಳಿದೆ. ಆ ರಾತ್ರಿ ಊಟಕ್ಕೆ ಕುಳಿತಾಗ, ಸುಳ್ಳು ದಾಖಲೆಗೆ ರುಜು ಹಾಕಿದವನು ಎಂದು ನೌಕರಿ ಹೋದರೆ ಏನು ಮಾಡುವುದೆಂದು ಹೆಂಡತಿ ಸರಸ್ವತೀಬಾಯಿಯನ್ನು ಕೇಳಿದೆ. ನೀರು ಬರುವ ಪಂಪನ್ನು ಕಿತ್ತರೆ ಊರೊಳಗೆ ಹೇಗೆ ತಿರುಗಾಡುತ್ತೀರಿ ಎಂದು ಆಕೆ ತಿರುಗಿ ಕೇಳಿದಳು.

೧೫-೩-೧೯೩೮ನೇ ಮಂಗಳವಾರ ನಾನು ಊರ ತಳವಾರ ಅಂಜಿನಯ್ಯನ ಸಹಾಯದಿಂದ ಪಂಪನ್ನು ಬಿಚ್ಚಿಸಿ ಬೋರ್ಡ್ ಆಫೀಸಿನಲ್ಲಿಟ್ಟು ಬೀಗ ಹಾಕಿದೆ. ನೆರೆದ ಹೆಂಗಸರಿಗೆ ಏಳನೇ ಕಲಮನ್ನು ಎರಡು ಸಲ ಓದಿ ಅರ್ಥ ಹೇಳಿದೆ. ಕೆಳಗೇರಿಯ ಉಚ್ಚೆಂಗಮ್ಮ, ವಯಸ್ಸು ಸುಮಾರು ಐವತ್ತು, ಮೂರನೆಯ ಸಲ ಓದಿಸಿ ಕೇಳಿದಳು. ಆಕೆಗೆ ವಿಷಯ ಮನದಟ್ಟಾಗಿದೆಯೆಂದು ನನಗೆ ಆಗ ಸಂತೋಷವಾಗಿತ್ತು.

ಅದೇ ವಾರ ನಾನು ಯಶವಂತನಗರಕ್ಕೆ ಹೋಗಿ ಅಲ್ಲಿ ಕಬ್ಬಿನ ಗಾಣದ ಎರಕ ಹೊಯ್ಯುವ ಎರ್ರಿಯಪ್ಪನನ್ನು ಕಂಡೆ. ಪಂಪಿನ ಚಿತ್ರ ನೋಡಿ, ಇದು ಗಾಣಕ್ಕಿಂತ ಸಣ್ಣ ಕೆಲಸ, ಹದಿನೈದು ದಿನದಲ್ಲಿ ಮಾಡಿಕೊಡುತ್ತೇನೆ ಎಂದನು. ಕೆಲಸ ಒಪ್ಪಿಸಿ ಹಿಂದಿರುಗುವ ದಾರಿಯಲ್ಲಿ ನನಗೆ ಒಂದು ಸಂಶಯ ಬಂತು. ಯಶವಂತನಗರವು ಸಂಡೂರು ಸಂಸ್ಥಾನಕ್ಕೆ ಸೇರಿದ್ದು. ಸಂಡೂರಿಗೆ ಅದರದೇ ರಾಜರಿದ್ದಾರೆ. ಹಾಗಾದರೆ ಅದು ಕಲಮಿನಲ್ಲಿ ಹೇಳಿದ ನಮ್ಮ ದೇಶವೋ ಅಲ್ಲವೋ? ಕೂಡಲೇ ಎರ್ರಿಯಪ್ಪನಿಗೆ ಕೆಲಸ ನಿಲ್ಲಿಸಲು ಕಾರ್ಡು ಹಾಕಿ, ಮೇಲಿನವರಿಗೆ ಕಾಗದ ಬರೆದೆ. ಇಪ್ಪತ್ತಮೂರು ದಿನದ ನಂತರ ಉತ್ತರ ಬಂತು. "ಏಳನೇ ಕಲಮನ್ನು ನೋಡಿಕೊಳ್ಳುವುದು" ಎಂದು ಅದರಲ್ಲಿ ಬರೆದಿತ್ತು. ನಾನು ನೋಡಿಕೊಂಡೆ. ಪುನಃ ಬರೆದೆ.

ಈ ನಡುವೆ ಬಿಸಿಲು ಏರಿತು. ೧೮-೪-೧೯೩೮ನೇ ಸೋಮವಾರ ಉಚ್ಚೆಂಗಮ್ಮನ ಸೊಸೆ ಯಲ್ಲಕ್ಕ, ವಯಸ್ಸು ಇಪ್ಪತ್ತೆರಡು, ಏಳು ತಿಂಗಳ ಬಸುರಿ, ತುಂಬಿದ ಕೊಡದೊಂದಿಗೆ ಹೊಳೆಯ ದಂಡೆ ಹತ್ತುವಾಗ ಜಾರಿ ಬಿದ್ದಳು. ಕೊಡ ಒಡೆಯಿತು, ಬಲಗಾಲಿನ ಹರಡು ಊದಿಕೊಂಡಿತು. ಹೊಟ್ಟೆಯ ಕೂಸಿಗೆ ಅಪಾಯವಿಲ್ಲವೆಂದು ಸೂಲಗಿತ್ತಿ ಮುದುಕಮ್ಮ ಹೇಳಿದ್ದಾಳೆಂದು ಅಂಜಿನಯ್ಯ ನನಗೆ ತಿಳಿಸಿದನು. ಆ ದಿನ ಆಫೀಸಿನಲ್ಲಿ ಒಂದೇ ಕಾಗದವನ್ನು ನಾಲ್ಕು ಸಲ ಬರೆದು ಹರಿದೆ.

ಈ ದಿನ ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ನಾನು ಆಫೀಸಿಗೆಂದು ಅಂಗಿ ತೊಟ್ಟು ಹೊರಗೆ ಬಂದಾಗ ನನ್ನ ಮನೆಯ ಬಾಗಿಲಿಗೆ ಅಡ್ಡಲಾಗಿ ಉಚ್ಚೆಂಗಮ್ಮ, ಹುಲುಗಮ್ಮ, ಜಂಬಮ್ಮ, ಮರುಳಸಿದ್ದಮ್ಮ ಈ ನಾಲ್ವರು ಕುಳಿತಿದ್ದರು. ಬಯ್ಯಲಿಲ್ಲ, ಮೈಮುಟ್ಟಲಿಲ್ಲ. ಉಚ್ಚೆಂಗಮ್ಮ ಒಂದು ಮಣ್ಣಿನ ಕೊಡ ಮುಂದಿಟ್ಟಳು. ಆಕೆಯ ಮಾತನ್ನು ಆಡಿದಂತೆಯೇ ಬರೆಸಬೇಕೆಂದು ಹೆಡ್ ಕಾನ್‌ಸ್ಟೇಬಲರು ಹೇಳಿದ್ದರಿಂದ ಬರೆಸುತ್ತೇನೆ. "ರಾಯರ, ನೀವು ಕಾಗದದಾಗ ಬರೀತೀರಿ, ನಾವು ತಲಿ ಮ್ಯಾಲ ಹೊರ್ತೀವಿ. ಇವತ್ತೊಂದಿನ ಅದಲಾಬದಲಿ ಮಾಡ್ಕೊಳ್ಳೂಣು. ಕೊಡ ನಮ್ಮೂರ ಕುಂಬಾರಂದು, ಕಲಮಿಗೆ ಅಡ್ಡಿ ಇಲ್ಲ."

ನಾನು ಒಪ್ಪಲಿಲ್ಲ. ಒಪ್ಪದಿದ್ದರೆ ತಾವು ಏಳುವುದಿಲ್ಲವೆಂದರು. ಹದಿನೈದು ನಿಮಿಷ ನಾನು ನಿಂತೆ, ಅವರು ಕುಳಿತರು. ಅನಂತರ ಒಪ್ಪಿದೆ. ಆಗ ಉಚ್ಚೆಂಗಮ್ಮ ನನ್ನ ಅಂಗಿ ಯಾವ ದೇಶದ್ದೆಂದು ಕೇಳಿದಳು. ಸುಳ್ಳು ಹೇಳಲಾಗದೆ ಇಂಗ್ಲೆಂಡಿನ ಮಲ್ ಬಟ್ಟೆ ಎಂದೆ. ಬಿಚ್ಚಿಡಿರೆಂದಳು. ಕೊಡೆಯ ಕಡ್ಡಿಗಳು ಜರ್ಮನಿಯವು, ಅದೂ ಒಳಗೆ ಹೋಯಿತು. ಧೋತರ ಕೈಮಗ್ಗದ್ದೆಂದು ನನ್ನ ಹೆಂಡತಿ ಒಳಗಿನಿಂದಲೇ ಹೇಳಿದ್ದರಿಂದ ಅದು ಉಳಿಯಿತು. ಆ ಸಾಕ್ಷ್ಯಕ್ಕೆ ನಾನು ಆಕೆಗೆ ಋಣಿ. ಕನ್ನಡಕದ ಗಾಜು ಎಲ್ಲಿಯದೆಂದು ನನಗೆ ತಿಳಿಯದು. "ಅದು ಇರ್ಲಿ ಬಿಡ್ರಿ, ಇಲ್ಲಂದ್ರ ಹೊಳ್ಯಾಗ ಬೀಳ್ತೀರಿ" ಎಂದು ಜಂಬಮ್ಮ ಹೇಳಿದಳು.

ಆರು ಗಂಟೆ ಮೂವತ್ತೈದು ನಿಮಿಷಕ್ಕೆ ಮೊದಲನೆಯ ಕೊಡಕ್ಕೆ ಹೊರಟೆ. ತಲೆಗೆ ಸಿಂಬಿ ಇಟ್ಟುಕೊಳ್ಳುವುದು ನನಗೆ ಗೊತ್ತಿರಲಿಲ್ಲ. ಕೊಡ ಕೆಳಗೇರಿಗೆ ತಲುಪಿದಾಗ ಅರ್ಧ ನೀರು ನನ್ನ ಮೈಮೇಲಿತ್ತು. ಆ ನೀರು ಲೆಕ್ಕಕ್ಕಿಲ್ಲವೆಂದರು. ಎರಡನೆಯ ಕೊಡಕ್ಕೆ ಹೊರಡುವಾಗ ಏಳು ಗಂಟೆ ಇಪ್ಪತ್ತೆಂಟು ನಿಮಿಷವೆಂದು ಸೊಂಟದ ಗಡಿಯಾರ ತೆಗೆದು ನೋಡಿದೆ. ಉಚ್ಚೆಂಗಮ್ಮನೂ ಅದನ್ನು ನೋಡಿದಳು. ಗಡಿಯಾರ ಸ್ವಿಟ್ಜರ್ಲೆಂಡಿನದಾದ್ದರಿಂದ ಇಲ್ಲಿಂದ ಮುಂದೆ ಬರೆಸುವ ಸಮಯಗಳು ಅಂದಾಜಿನವು ಎಂದು ದಾಖಲಿಸಬೇಕಾಗಿ ಕೋರುತ್ತೇನೆ.

ಮೂರನೆಯ ಕೊಡದ ಹೊತ್ತಿಗೆ ದಾರಿಯ ಎರಡೂ ಕಡೆ ಗಂಡಸರು ನಿಂತಿದ್ದರು. ಯಾರೂ ನಗಲಿಲ್ಲ. ನಕ್ಕವರಿಗೆ ನಾಲ್ಕನೆಯ ಕೊಡ ಎಂದು ಹುಲುಗಮ್ಮ ಮೊದಲೇ ಹೇಳಿಟ್ಟಿದ್ದಳಂತೆ. ಕುತ್ತಿಗೆ ಸೆಟೆದು ಆಕಾಶ ಮಾತ್ರ ಕಾಣುತ್ತಿತ್ತು. ನಾಲ್ಕನೆಯ ಕೊಡದಲ್ಲಿ, ಯಲ್ಲಕ್ಕ ಬಿದ್ದ ಜಾಗದಲ್ಲಿಯೇ ನನ್ನ ಕಾಲು ಜಾರಿತು. ಮರುಳಸಿದ್ದಮ್ಮ ರಟ್ಟೆ ಹಿಡಿದು ನಿಲ್ಲಿಸಿದಳು. ಅಲ್ಲಿ ಬಿದ್ದಿದ್ದ ಒಡೆದ ಕೊಡದ ಚೂರುಗಳನ್ನು ನಾನು ಕಂಡೆ.

ಐದನೆಯ ಕೊಡ ಹೊತ್ತು ಅರ್ಧ ದಾರಿ ಬಂದಾಗ ನನಗೆ ಒಂದು ಉಪಾಯ ಹೊಳೆಯಿತು. ಎರ್ರಿಯಪ್ಪ ಸಂಡೂರಿನವನಾದರೂ ಆತನ ಎರಕದ ಅಚ್ಚು ಎತ್ತಿನ ಗಾಡಿಯಲ್ಲಿ ಬರಬಹುದು. ಆತ ನಮ್ಮೂರಲ್ಲಿಯೇ ಕುಲುಮೆ ಹೂಡಿ ಎರಕ ಹೊಯ್ದರೆ ಪಂಪು ಎಲ್ಲಿ ತಯಾರಾಯಿತೆಂಬ ಸಂಶಯವೇ ಇರದು. ಅಲ್ಲಿಯವರೆಗೆ ಬರ್ಮಿಂಗ್‌ಹ್ಯಾಮಿನ ಪಂಪನ್ನು ತೋಟಪ್ಪನವರು ತಮ್ಮ ಸ್ವಂತದ್ದೆಂದು ಬಾವಿಯ ಮೇಲೆ ಕೂರಿಸಿ ಗ್ರಾಂಟಿನ ಹಣ ತುಂಬಿಕೊಟ್ಟರೆ, ಖಾಸಗಿ ಪಂಪಿಗೆ ಏಳನೇ ಕಲಮು ತಗುಲುವುದಿಲ್ಲ. ಇಷ್ಟು ಸರಳವಾದದ್ದು ಮೂವತ್ತಾರು ದಿನ ಯಾಕೆ ಹೊಳೆಯಲಿಲ್ಲವೆಂದು ಹೆಡ್ ಕಾನ್‌ಸ್ಟೇಬಲರು ಕೇಳಿದರು. ಆಗೆಲ್ಲ ನಾನು ಕುರ್ಚಿಯ ಮೇಲೆ ಕುಳಿತು ಯೋಚಿಸುತ್ತಿದ್ದೆ ಎಂದು ಉತ್ತರ ಕೊಟ್ಟಿದ್ದೇನೆ.

ಸುಮಾರು ಹತ್ತು ಗಂಟೆಗೆ ಎಲ್ಲರೂ ಗಿರಣಿಗೆ ಹೋದೆವು. ತೋಟಪ್ಪನವರು ನನ್ನ ಸ್ಥಿತಿ ನೋಡಿ ಎದ್ದು ನಿಂತರು. ನಾನು ಉಪಾಯ ಹೇಳಿ, ಅದನ್ನು ಗಿರಣಿಯ ಒಂದು ಕಾಗದದಲ್ಲಿ ಬರೆದು ಅವರ ಮುಂದಿಟ್ಟೆ. ಗ್ರಾಂಟು ತುಂಬಿಕೊಡುವ ಮಾತಿಗೆ ಅವರು, ಮುಂದಿನ ಮೀಟಿಂಗಿನಲ್ಲಿ ನೋಡೋಣ ಎಂದರು. ಉಚ್ಚೆಂಗಮ್ಮ ಖಾಲಿ ಕೊಡವನ್ನು ಅವರ ಮುಂದಿಟ್ಟು, "ಯಜಮಾನ್ರ, ನಿಮ್ಮ ಅಂಗಿ ಯಾವ ದೇಶದ್ದ್ರಿ?" ಎಂದು ಕೇಳಿದಳು. ಗಿರಣಿಯ ಆಳುಗಳೆಲ್ಲ ಕೆಲಸ ನಿಲ್ಲಿಸಿ ನೋಡುತ್ತಿದ್ದರು. ತೋಟಪ್ಪನವರು ಕೂಡಲೇ ನನ್ನ ಕಾಗದಕ್ಕೆ ರುಜು ಹಾಕಿದರು.

ಅಂಜಿನಯ್ಯ ಪಂಪನ್ನು ಹೊರತಂದು ಕೂರಿಸತೊಡಗಿದನು. ಅದಕ್ಕೆ ಎರಡು ಗಂಟೆಯಾದರೂ ಬೇಕೆಂದನು. ಯಲ್ಲಕ್ಕನ ಮನೆಯಲ್ಲಿ ಹನಿ ನೀರಿಲ್ಲವೆಂದು ಜಂಬಮ್ಮ ಯಾರಿಗೋ ಹೇಳುತ್ತಿದ್ದಳು. ನಾನು ಕೊಡ ಎತ್ತಿಕೊಂಡು ಮತ್ತೆ ಹೊಳೆಗೆ ಹೋದೆ. ಇದು ಆರನೆಯ ಕೊಡ. ಇದನ್ನು ತರಲು ನನಗೆ ಯಾರೂ ಹೇಳಿಲ್ಲ. ಯಲ್ಲಕ್ಕ ಹೊರಸಿನ ಮೇಲೆ ಕಾಲು ಚಾಚಿ ಕುಳಿತಿದ್ದಳು. ಆಕೆಗೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದೆ, ಕೊಡವನ್ನು ಮಾತ್ರ ಮುಂದಿಟ್ಟೆ. ಆಕೆ ಕೊಡದೊಳಗೆ ಬಗ್ಗಿ ನೋಡಿ, "ಮುಕ್ಕಾಲು ಕೊಡ ಉಳಿಸೀರಲ್ರಿ, ಭಾಳ ಆತು. ಮೊದಲ್ನೇ ದಿನ ನನಗೂ ಇಷ್ಟ ಬಂದಿತ್ತು" ಎಂದಳು.

ನಾನು ಆಕೆಯ ಮನೆಯಿಂದ ಬರಿಮೈಯಲ್ಲಿ ಹೊರಗೆ ಬರುವಾಗ ಬೀಟಿಗೆ ಬಂದಿದ್ದ ಕಾನ್‌ಸ್ಟೇಬಲರು ನೋಡಿ, ಸರ್ಕಾರಿ ಕೆಲಸದವನನ್ನು ಹೆಂಗಸರು ದುಡಿಸಿಕೊಳ್ಳುತ್ತಿದ್ದಾರೆಂದು ಆ ನಾಲ್ವರನ್ನೂ ಗಾಡಿ ಹತ್ತಿಸಿದರು. ನಾನು ಬೇಡವೆಂದು ಹೇಳುತ್ತ ಮೂರು ಮೈಲಿ ಅದೇ ಗಾಡಿಯ ಹಿಂದೆ ನಡೆದು ಬಂದೆ. ಕಾನ್‌ಸ್ಟೇಬಲರು ಕಂಡದ್ದು ಆರನೆಯ ಕೊಡವನ್ನು ಮಾತ್ರ. ಬಲವಂತದ ಐದನ್ನು ಅವರು ಕಂಡಿಲ್ಲ. ಆ ಐದರ ಬಗ್ಗೆ ನನ್ನ ಫಿರ್ಯಾದು ಇಲ್ಲ. ಕೇಸು ಹಾಕಲೇಬೇಕೆಂದಿದ್ದರೆ ೪-೩-೧೯೩೮ರಂದು ಸುಳ್ಳು ದಾಖಲೆಗೆ ರುಜು ಹಾಕಿದವನ ಮೇಲೆ ಮೊದಲು ಹಾಕಬೇಕು. ಆತ ತಮ್ಮ ಮುಂದೆ ಕುಳಿತಿದ್ದಾನೆ.

ಪಂಪಿನಲ್ಲಿ ನೀರು ಬಂತೆಂದು ಅಂಜಿನಯ್ಯ ಈಗ ತಾನೇ ಓಡಿಬಂದು ಹೇಳಿದ್ದಾನೆ. ಈ ನಾಲ್ವರ ಕೊಡಗಳನ್ನು ಊರವರು ಸಾಲಿನ ಮುಂದಿಟ್ಟು ಕಾಯುತ್ತಿದ್ದಾರಂತೆ. ಇವರನ್ನು ಹೊತ್ತು ಮುಳುಗುವ ಮೊದಲು ಬಿಟ್ಟುಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಗಾಡಿ ಬಾಡಿಗೆ ನಾನು ಕೊಡುತ್ತೇನೆ.

ಇದರಲ್ಲಿ ಬರೆದದ್ದೆಲ್ಲ ನನ್ನ ಕಣ್ಣೆದುರಿಗೂ ನನ್ನ ತಲೆಯ ಮೇಲೂ ನಡೆದದ್ದು. ಓದಿ ಹೇಳಿದ್ದನ್ನು ಕೇಳಿ ಸರಿಯೆಂದು ಒಪ್ಪಿದ್ದೇನೆ. ಕುತ್ತಿಗೆ ಬಗ್ಗದ ಕಾರಣ ಕಾಗದವನ್ನು ಎತ್ತಿ ಹಿಡಿಸಿಕೊಂಡು ರುಜು ಮಾಡಿದ್ದೇನೆ. ಹಿಡಿದವಳು ಉಚ್ಚೆಂಗಮ್ಮ.

ಸ್ಥಳ: ಕಂಪ್ಲಿ
ತಾರೀಖು: ೨೦-೪-೧೯೩೮
(ರುಜು) ಪ್ರ. ಕಮಲಾಕರರಾವ್