ಪ್ಲಸ್ ಡಿಸ್ಕು, ಮೈನಸ್ ಪೆಟ್ಟಿಗೆ

ಒಂದೂರಲ್ಲಿ ಒಬ್ಬ ಸಿರಿವಂತ. ದೊಡ್ಡ ಮನೆ, ಅದರೊಳಗೆ ಒಬ್ಬನೇ. ಹೆಂಡತಿ ತೀರಿಹೋಗಿದ್ದಳು, ಮಕ್ಕಳಿರಲಿಲ್ಲ. ತನ್ನವಳು ಅಂತ ಇದ್ದವಳು ಅಕ್ಕ ಒಬ್ಬಳೇ, ಪಕ್ಕದ ತಾಲೂಕಿನಲ್ಲಿ. ಯಾವುದೋ ಮದುವೆಯ ಊಟದ ಪಂಕ್ತಿಯಲ್ಲಿ, ಎಲ್ಲರ ಮುಂದೆ, ಅವಳಿಗೆ ಅಂದುಬಿಟ್ಟಿದ್ದ: “ನಿನ್ನ ಮನಿ ಹೊಸ್ತಿಲಾ ಇನ್ನ ನಾ ತುಳಿಯಾಂಗಿಲ್ಲ.” ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಪಂಚಮಿ ಹಬ್ಬಕ್ಕೆ ಹೆಣ್ಣುಮಕ್ಕಳನ್ನು ತವರಿನವರೇ ಹೋಗಿ ಕರೆತರಬೇಕು, ಅಲ್ಲವೇ ತಾಯಂದಿರೇ? ಕರೆಯದೆ ಹೋಗುತ್ತೀರಾ ನೀವು? ಅದು ಅವನಿಗೂ ಗೊತ್ತು. ಮನೆ ಬಿಕೋ ಅನ್ನುತ್ತಿದೆ, ಉಂಡಿ ಕಟ್ಟುವವರಿಲ್ಲ. ಅಕ್ಕ ಬೇಕು. ಹೋಗಲು ಮಾತ್ರ ಹಮ್ಮು ಬಿಡದು.

ಮನೆಯಲ್ಲೇ ಕೂತು ಡಿವಿಡಿ ಡಿಸ್ಕಿಗೆ ಚಿತ್ರ ತುಂಬುವ ಪೆಟ್ಟಿಗೆ ಹೊಸದಾಗಿ ಬಂದಿದ್ದ ಕಾಲ ಅದು. ನೋಡಿ, ಕಂಪನಿಗಳಲ್ಲೂ ದಾಯಾದಿ ಜಗಳ! ಒಂದು ಬಣದ್ದು ಪ್ಲಸ್ ಡಿಸ್ಕು, ಇನ್ನೊಂದು ಬಣದ್ದು ಮೈನಸ್ ಡಿಸ್ಕು. ಅದೇ ಅಗಲ, ಅದೇ ಹೊಳಪು, ನಡುವೆ ಅದೇ ತೂತು. ಆದರೆ ಒಬ್ಬರದ್ದನ್ನು ಇನ್ನೊಬ್ಬರ ಪೆಟ್ಟಿಗೆ ಎಷ್ಟೋ ಸಲ ಓದುತ್ತಲೇ ಇರಲಿಲ್ಲ. ತಾನು ಹೋಗುವ ಬದಲು ಮಾತನ್ನು ಡಿಸ್ಕಿಗೆ ತುಂಬಿ ಕಳಿಸೋಣವೆಂದು ಸಿರಿವಂತ ಅಂಗಡಿಯಲ್ಲಿ ಅತಿ ದುಬಾರಿಯದನ್ನೇ ಕೊಂಡ. ಅದು ಪ್ಲಸ್. ಅಕ್ಕನ ಮನೆಯಲ್ಲಿ ಯಾವುದಿದೆ ಎಂದು ಕೇಳಿದನೇ? ಹೇಗೆ ಕೇಳುತ್ತಾನೆ, ಮಾತೇ ಬಿಟ್ಟಿದ್ದನಲ್ಲ!

ಕ್ಯಾಮೆರಾ ಮುಂದೆ ಕೂತು ಅತ್ತ. “ಅಕ್ಕಾ, ತಪ್ಪಾತು. ಪಂಚಮಿಗೆ ಬಾ. ಇಷ್ಟ್ ದೊಡ್ಡ ಮನ್ಯಾಗ ಒಬ್ಬನ ಇರಾಕ ಆಗವಲ್ದು ನನಗ.” ಡಿಸ್ಕನ್ನು ಡ್ರೈವರ್ ಕೈಯಲ್ಲಿ ಕಳಿಸಿದ.

ಅಕ್ಕನ ಮನೆಯದು ಮೈನಸ್ ಪೆಟ್ಟಿಗೆ. ಅವಳು ಹಾಕಿದಳು. ‘ಡಿಸ್ಕ್ ಇಲ್ಲ’ ಎಂದಿತು. ಸೆರಗಿನಿಂದ ಒರೆಸಿ ಮತ್ತೆ ಹಾಕಿದಳು. ‘ಡಿಸ್ಕ್ ಇಲ್ಲ.’

“ಖಾಲಿದು ಕಳಸ್ಯಾನ,” ಅಂದಳು. “‘ನಿನಗ ಹೇಳಾಕ ನನ್ನ ಕಡೆ ಏನೂ ಉಳದಿಲ್ಲ’ ಅಂತ ತಿಳಸ್ಯಾನ.”

ಹಬ್ಬದ ದಿನ ಅವನು ತಲೆಬಾಗಿಲು ತೆರೆದು ಕೂತಿದ್ದ. ಯಾರೂ ಬರಲಿಲ್ಲ. “ತಪ್ಪಾತು ಅಂದ್ರೂ ಬರಲಿಲ್ಲ” ಎಂದು ಒಬ್ಬನೇ ಉಂಡು ಮಲಗಿದ. ಅಲ್ಲಿ ಅವಳೂ ಅಳುತ್ತ ಮಲಗಿದಳು. ಹೀಗೇ ವರ್ಷಗಳು ಹೋದವು.

ಆಮೇಲೆ ಎರಡನ್ನೂ ಓದುವ ಪೆಟ್ಟಿಗೆ ಬಂತು. ಅಕ್ಕ ಅದನ್ನು ಕೊಂಡಾಗ ಆ ಹಳೇ ಡಿಸ್ಕನ್ನೂ ಸುಮ್ಮನೆ ಹಾಕಿ ನೋಡಿದಳು. ತಮ್ಮ ಎದುರಿಗೇ ಕೂತು ಅಳುತ್ತಿದ್ದಾನೆ! ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿದಳು. ಹೋಗಿ ನೋಡಿದರೆ ಅವನಿಗೆ ಲಕ್ವಾ ಹೊಡೆದಿದೆ. ನಾಲಿಗೆ ಬಿದ್ದುಹೋಗಿದೆ.

“ಕರದಿದ್ದಿ ಅಲ್ಲೋ ತಮ್ಮಾ, ಬಂದೀನಿ ನೋಡು,” ಅಂದಳು. ಅವನ ತುಟಿ ಅಲುಗಿತು, ಮಾತು ಬರಲಿಲ್ಲ. ಅವನ ದನಿ ಕೇಳಬೇಕೆಂದರೆ ಅವಳಿಗಿನ್ನು ಆ ಡಿಸ್ಕೊಂದೇ ಗತಿ.

ಅಯ್ಯೋ ಪಾಪ ಅನ್ನುತ್ತೀರಿ. ನೀವು ಮಾಡುವುದೇನು? ಮಾತು ಬಿಟ್ಟವರಿಗೆ ಮೊಬೈಲಿನಲ್ಲಿ ಹೂವಿನ ಚಿತ್ರ ಕಳಿಸುತ್ತೀರಿ, “ನಾನು ಮಾತಾಡಿಸಿದೆ, ಅವರೇ ಉತ್ತರ ಕೊಡಲಿಲ್ಲ” ಅನ್ನುತ್ತೀರಿ. ನಿಮ್ಮ ಪೆಟ್ಟಿಗೆಯಲ್ಲಿ ಅದು ಚೆನ್ನಾಗಿಯೇ ಓಡುತ್ತದೆ ಬಿಡಿ. ಅವರ ಮನೆಯಲ್ಲಿ ಓಡಿತೇ? ಹೋಗಿ ನೋಡಿದಿರಾ? ಯಾರ ಕೈಯಲ್ಲೂ ಹೇಳಿಕಳಿಸಬೇಡಿ. ನಾಳೆ ನೀವೇ ಹೋಗಿ. ಅವರ ಬಾಗಿಲಲ್ಲಿ ಚಪ್ಪಲಿ ಬಿಡಿ, ಎದುರು ಕೂತು ಬಾಯಿಬಿಟ್ಟು “ತಪ್ಪಾತು” ಅನ್ನಿ. ಬೈದರೆ ಬೈಸಿಕೊಳ್ಳಿ. ನಿಮ್ಮ ನಾಲಿಗೆ ಇನ್ನೂ ಆಡುತ್ತಿದೆ.

ಯಾಕೆ, ತಲೆ ತಗ್ಗಿಸಿಬಿಟ್ಟಿರಿ? ಯಾರ ಮನೆಗೆ ಹೋಗಬೇಕು ಎಂದು ನಾನು ಹೇಳಲಿಲ್ಲ. ನಿಮಗೆ ಗೊತ್ತಿದೆ.