ಫೋನ್ ಇಡೋ ಇಂಗ್ಲಿಷು

ಹಲ್ಲು ಕೀಳಿಸಿಕೊಂಡ ಬಡಗಿ ಬಾಯಲ್ಲಿ ಹತ್ತಿ ಕಚ್ಚಿಕೊಂಡು ಡಾಕ್ಟರ ಹೊರಕೋಣೆಯಲ್ಲಿ ಕೂತಿದ್ದ. ಪಥ್ಯವೇನಿದ್ದರೂ ಬಾಯಿಗೆ, ಕಿವಿಗಿರಲಿಲ್ಲ. ಪಕ್ಕದಲ್ಲಿ ಅಕ್ಕ ತಂಗಿ ಕೂತಿದ್ದರು.

“ಹೊಲಿಗೆ ಅಂಗಡಿ ಕೆಲಸ ಬಿಟ್ಟಾಯ್ತಲ್ಲ, ಆ ಮೇಡಂ ಇನ್ನೂ ಫೋನ್ ಮಾಡ್ತಾಳಾ ಅಕ್ಕಾ?”

“ದಿನಾ! ಇಂಗ್ಲಿಷಲ್ಲಿ ಪುರಾಣ ಶುರು ಮಾಡ್ತಾಳೆ. ಮಾತು ಮುಗಿಸೋದು ಹೇಗಂತ ಗೊತ್ತಾಗದೆ, ಕೊನೆಗೆ ಭಾನುವಾರ ಬರ್ತೀನಿ ಅಂದುಬಿಡ್ತೀನಿ. ಹೋಗಿ ಬಿಟ್ಟಿ ದುಡೀತೀನಿ.”

“‘ಐ ವೋಂಟ್ ಕೀಪ್ ಯೂ’ ಅನ್ನು. ನಿಮ್ಮನ್ನ ಇನ್ನು ಹಿಡಿದಿಟ್ಕೊಳ್ಳಲ್ಲ ಅಂತ.”

“ಹಿಡಿದಿಟ್ಕೊಂಡಿರೋಳು ಅವಳು ಕಣೇ!”

“ಮಜಾ ಇರೋದೇ ಅಲ್ಲಿ. ಅವಳಿಗೇ ಅರ್ಜೆಂಟು, ನೀನು ದೊಡ್ಡ ಮನಸ್ಸು ಮಾಡಿ ಬಿಟ್ಟು ಕಳಿಸಿದ ಹಾಗೆ. ಹೇಳು, ಬೈ ಅನ್ನು, ಇಟ್ಟುಬಿಡು. ಉತ್ತರಕ್ಕೆ ಕಾಯಬೇಡ.”

ಅಷ್ಟರಲ್ಲಿ ಅಕ್ಕನ ಫೋನ್ ಬಡಿದುಕೊಂಡಿತು. ಅದೇ ಮೇಡಂ. ಅಕ್ಕ “ಎಸ್ ಮೇಡಂ, ಎಸ್ ಮೇಡಂ” ಎನ್ನುತ್ತ ತಲೆಯಾಡಿಸಿದಳು. ಆಮೇಲೆ ಬೆನ್ನು ನೆಟ್ಟಗೆ ಮಾಡಿದಳು.

“ಮೇಡಂ, ಐ ವೋಂಟ್ ಕೀಪ್ ಯೂ. ಬೈ!”

ಫೋನು ಚೀಲದೊಳಗೆ ಬಿತ್ತು.

“ಶಭಾಷ್ ಅಕ್ಕಾ! ಈಗ ಭಾನುವಾರ ಪುರುಸೊತ್ತಾಯ್ತಲ್ಲ, ನಮ್ಮ ಮೂರೂ ಮಕ್ಕಳನ್ನ ನಿನ್ನ ಹತ್ರ ಬಿಟ್ಟು, ನಾನೂ ನಮ್ಮೆಜಮಾನ್ರೂ ಬೆಳಿಗ್ಗೆನೇ…”

ನರ್ಸ್ ಒಳಗಿಂದ ಅಕ್ಕನನ್ನು ಕರೆದಳು. ಅಕ್ಕ ಚೀಲ ಹೆಗಲಿಗೇರಿಸಿ, ತಂಗಿಯ ಬೆನ್ನು ತಟ್ಟಿದಳು.

“ಪಾಪ, ನಿಂಗೆ ಎಷ್ಟು ಕೆಲಸ ಇರುತ್ತೋ ಏನೋ. ಐ ವೋಂಟ್ ಕೀಪ್ ಯೂ ಕಣೇ. ಬೈ!”

ಉತ್ತರಕ್ಕೆ ಕಾಯದೆ ಒಳಗೆ ಹೋದಳು. ಬಡಗಿ ತಡೆಯಲಾರದೆ ನಕ್ಕ. ಹತ್ತಿ ನೆಲಕ್ಕೆ ಬಿತ್ತು.